ಗಂಡನ ಹೆಸರು ಹೇಳುವ ಇಂಗ್ಲಿಷ್

ದೇವರ ಮುಂದಿನ ಹಿತ್ತಾಳೆ ದೀಪದ ಸಮೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ, ಫೋನು ಬಡಿದುಕೊಂಡಿತು. ನನ್ನ ಎರಡೂ ಕೈ ಹುಳಿಹುಳಿ. ನಮ್ಮ ಮನೆಯವರು ಫೋನು ತಂದು ನನ್ನ ಕಿವಿಗೆ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು. ಹೀಗಾಗಿ ಪಾಟೀಲ ಸರ್ ಹೇಳಿದ ಸುದ್ದಿಯ ಮೊದಲರ್ಧ ನನ್ನ ಗಲ್ಲಕ್ಕೆ ಕೇಳಿಸಿತು, ಉಳಿದರ್ಧ ಕಿವಿಗೆ.

"ಅಕ್ಕಾರ, ಕೇಳಾಕತ್ತೀರೋ ಇಲ್ಲೋ? ಜಪಾನಿನವ್ರು ನಾಕು ಮಂದಿ ಬರಾಕತ್ತಾರ, ಬರೋ ಸಂತಿ ದಿವಸ. ಒಂದು ಮನ್ಯಾಗ ಊಟ ಮಾಡ್ತಾರ, ಪ್ಯಾಟಿ ನೋಡ್ತಾರ, ತಾರಕೇಶ್ವರನ ಗುಡಿ ನೋಡ್ತಾರ. ಕರಕೊಂಡು ಬರೋ ಹುಬ್ಬಳ್ಳಿ ಟೂರಿನವ್ರಿಗೆ, ಆ ಮಂದಿಗೆಲ್ಲಾ ಇಂಗ್ಲಿಷಿನ್ಯಾಗ ಹೇಳಾಕ ಊರ ಹೆಣ್ಣಮಗಳ ಬೇಕಂತ. ಛಲೋ ಹೇಳಿದ್ರ ಮುಂದ ಖಾಯಂ ಕರೀತಾರ. ನಿಮ್ಮ ಕ್ಲಾಸಿನ್ಯಾಗ ಅಂಥಾಕಿ ಯಾರದಾರ?"

"ಮಹಾದೇವಿ ಅದಾಳ್ರಿ," ಎಂದೆ. ಯೋಚಿಸುವ ಪ್ರಸಂಗವೇ ಇರಲಿಲ್ಲ.

"ಅಕಿ ಅತ್ತಿ ಬಿಡ್ತಾಳೇನ್ರಿ?"

"ಅದನ್ನ ತಾರಕೇಶ್ವರಗ ಕೇಳಬೇಕ್ರಿ."

ಪಾಟೀಲ ಸರ್ ಅಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳ ನಮ್ಮ ಹೆಣ್ಣುಮಕ್ಕಳ ಇಂಗ್ಲಿಷ್ ತರಗತಿಗಳಿಗೆ ಮೇಲಿನವರು. ನಾನು ಆಗ ಹಾನಗಲ್ಲಿನ ತರಗತಿಗೆ ಕಲಿಸುವ ಅಕ್ಕಾರು. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಆ ಕೆಲಸ ಬಿಟ್ಟೆ. ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದು, "ಮೇಡಂ, ಕ್ಲಾಸ್ ಹ್ಯಾಂಗ ನಡಸ್ತಿದ್ರಿ, ಒಂದೀಟು ಬರದು ಕೊಡ್ರಿ," ಎಂದಳು. ಪಾಠ ಹೇಗೆ ಮಾಡಬೇಕೆಂಬುದು ಅವಳ ಫೋನಿನಲ್ಲೇ ಇದೆ, ನನಗಿಂತ ಚೆನ್ನಾಗಿ ಉಚ್ಚಾರ ಮಾಡಿ ಹೇಳುತ್ತದೆ. ಫೋನಿನಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ನಾನು ಮೊದಲಿನಿಂದ ಮನೆಯಾಕೆ. ಧಾರವಾಡದಲ್ಲಿ ಇಂಗ್ಲಿಷ್ ಓದಿ ಬಿ.ಎ. ಮಾಡಿದ್ದೆ, ಹಾನಗಲ್ಲಿಗೆ ಮದುವೆಯಾಗಿ ಬಂದೆ, ಆ ಇಂಗ್ಲಿಷ್ ಅನೇಕ ವರ್ಷ ಔಷಧಿ ಬಾಟಲಿ ಓದಲಿಕ್ಕಷ್ಟೇ ಉಪಯೋಗಕ್ಕೆ ಬಂತು. ಮಕ್ಕಳು ದೊಡ್ಡವರಾದ ಮೇಲೆ ಈ ತರಗತಿ ಶುರುವಾಯಿತು, ಕಲಿಸಲು ಹೆಂಗಸೇ ಬೇಕೆಂದರು, ದೇವರು ನನ್ನನ್ನು ನೆನೆಸಿಕೊಂಡ. ಮಧ್ಯಾಹ್ನ ಪಾತ್ರೆ ತೊಳೆದು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ. ಅಂಥ ಹೊತ್ತಿನ ನೌಕರಿ ಎಲ್ಲರಿಗೆ ಸಿಗುವುದಿಲ್ಲ.

ಮೊದಲ ಪಾಠದ ಹೆಸರು 'ನನ್ನ ಕುಟುಂಬ'. ನಾನು ಹಲಗೆಯ ಮೇಲೆ ಬರೆದೆ: ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್? ಬರೆದು ತಿರುಗಿ ನೋಡಿದರೆ ಇಡೀ ತರಗತಿ ತಲೆ ತಗ್ಗಿಸಿ ಸೆರಗಿನ ಚುಂಗು ಹಿಂಡುತ್ತಿದೆ.

"ಹೇಳ್ರೆವ್ವಾ."

ತಿಳವಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಕಸ್ತೂರೆವ್ವ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಗಣಪತಿಯನ್ನು ತೋರಿಸಿದಳು. ಇನ್ನೊಬ್ಬಳು ಎದ್ದು ಬಂದು ಸುಣ್ಣದ ಕಡ್ಡಿ ಇಸಿದುಕೊಂಡು ಹಲಗೆಯ ಮೇಲೆ ಬರೆದು, ನಾನು ಓದಿದ ಕೂಡಲೇ ಅಂಗೈಯಿಂದ ಒರೆಸಿಬಿಟ್ಟಳು. ಹಿಂದಿನ ಸಾಲಿನವಳು, "ನಮ್ಮ ಓಣಿ ಹನಮಪ್ಪನ ಗುಡಿ ಐತಲ್ರಿ, ಅದರಾಗಿನವ್ರು," ಎಂದಳು. ಗುಡಿಯೊಳಗಿನ ಪೂಜಾರಿಯೋ ದೇವರೋ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತಾಯಿತು.

ನಾನೇನು ಬೇರೆ ಸೀಮೆಯವಳೇ? ನಾನೂ ನಮ್ಮ ಮನೆಯವರ ಹೆಸರನ್ನು ಬಾಯಿಂದ ಅಂದವಳಲ್ಲ. ಈಗಿನ ಹುಡುಗಿಯರು ಮನೆಯ ಹೊರಗೆ ಅನ್ನುತ್ತಾರೆ, ಅತ್ತೆ ಮಾವನ ಎದುರು ಅನ್ನುವುದಿಲ್ಲ. ಆದರೆ ಪಾಠ ಮುಂದೆ ಸಾಗಬೇಕಲ್ಲ. ಆಗ ಮುಂದಿನ ಸಾಲಿನಿಂದ ಮಹಾದೇವಿ ಎದ್ದು, "ಅಕ್ಕಾರ, ಒಡಪು ಹಚ್ಚಿ ಹೇಳ್ಲೇನ್ರಿ?" ಎಂದಳು.

ನಮ್ಮ ಕಡೆ ಮದುವೆಯಲ್ಲಿ, ಬಸುರಿಗೆ ಉಡಿ ತುಂಬುವ ಕುಬಸದಲ್ಲಿ ಹೆಂಗಸರು ಗಂಡನ ಹೆಸರನ್ನು ಹೇಳಲೇಬೇಕು. ಬರೀ ಹೆಸರು ಹೇಳಿದರೆ ಬಿರುಸು. ಅದಕ್ಕೆ ಎರಡು ಸಾಲು ಪ್ರಾಸ ಕಟ್ಟಿ, ನಡುವೆ ಹೆಸರನ್ನು ಜಾಣತನದಿಂದ ಸೇರಿಸಿ ಹೇಳುತ್ತಾರೆ. ಅದೇ ಒಡಪು. ಒಬ್ಬಳು ಹೇಳಿದರೆ ಮುಂದಿನವಳು ಅದಕ್ಕಿಂತ ಚಂದದ್ದು ಹೇಳಬೇಕು. ಹೇಳದವಳನ್ನು ಬಾಗಿಲು ದಾಟಲು ಬಿಡುವುದಿಲ್ಲ.

"ಇಂಗ್ಲಿಷಿನ್ಯಾಗ ಒಡಪು ಬರ್ತೈತೇನ?" ಎಂದೆ.

"ನೋಡೋಣಲ್ರಿ."

ಆ ದಿನ ಆ ಕೋಣೆಯಲ್ಲಿ ಎದ್ದ ಗದ್ದಲ ಎಂಥದೆಂದರೆ ಪಕ್ಕದ ಹೊಲಿಗೆ ತರಗತಿಯವರು ಮಷಿನು ನಿಲ್ಲಿಸಿ ಕಿಟಕಿಗೆ ಬಂದರು. ಕಸ್ತೂರೆವ್ವ ಹೇಳಿದಳು: "ಒನ್ ಟೂ ಥ್ರೀ ಫೋರ್, ಗಣಪತಿಯವ್ರು ಆರ್ ಅಟ್ ದ ಡೋರ್!"

ನಾನು ತಿದ್ದಿದೆ. "ಆರ್ ಅಲ್ಲ, ಈಸ್. ಒಬ್ಬರ ಅದಾರಲ್ಲ?"

"ಈಸ್ ಅಂದ್ರ ಏಕವಚನ ಅಂತ ನೀವ ಹೇಳೀರಿ. ಗಂಡಗ ಏಕವಚನ ಹಚ್ಚಾಕ ಆಗತೈತೇನ್ರಿ?"

ನಮ್ಮ ತರಗತಿಯಲ್ಲಿ ಕೊನೆಯ ದಿನದವರೆಗೂ ಗಂಡಂದಿರು 'ಆರ್' ಆಗಿಯೇ ಉಳಿದರು. ಎಮ್ಮೆ, ನಾಯಿ, ಮೈದುನ ಇವರಷ್ಟೇ 'ಈಸ್'.

ತರಗತಿ ನೋಡಲು ಬಂದ ಪಾಟೀಲ ಸರ್ ಹೌಹಾರಿದರು. "ಮೈ ಹಸ್ಬೆಂಡ್ ಆರ್ ಇನ್ ದ ಶಾಪ್ ಅಂದ್ರ ಕೇಳಿದವ್ರು ಎಷ್ಟು ಗಂಡಂದ್ರು ಅಂತ ಕೇಳ್ತಾರ್ರಿ ಅಕ್ಕಾರ! ಈ ಒಡಪು ಗಿಡಪು ಪಾಠದಾಗ ಇಲ್ಲ. ಬಂದ್ ಮಾಡ್ರಿ."

ಕಸ್ತೂರೆವ್ವ ವಿನಯದಿಂದ ಎದ್ದು ನಿಂತು, "ಸರ್, ವಾಟ್ ಈಸ್ ಯುವರ್ ವೈಫ್ಸ್ ನೇಮ್?" ಎಂದಳು.

ಪಾಟೀಲ ಸರ್ ಬಾಯಿ ತೆರೆದರು, ಮುಚ್ಚಿದರು, ಕಿವಿ ಕೆಂಪಾಯಿತು. "ನಮ್ಮ ಮನಿಯಾಕಿ," ಎಂದು ಗೊಣಗಿ, ಮೋಟರ್ ಸೈಕಲ್ಲಿನ ಕೀಲಿ ಹುಡುಕುತ್ತ ಹೊರಗೆ ಹೋದರು. ಕೀಲಿ ಅವರ ಕೈಯಲ್ಲೇ ಇತ್ತು. ಆದರೂ ಮೇಲಿನವರ ಮಾತು ಮೇಲಿನವರ ಮಾತೇ. ಮರುದಿನದಿಂದ ಒಡಪು ಬಂದ್.

ಇನ್ನು ಮಹಾದೇವಿಯ ಮನೆಯ ವಿಷಯ. ಅವಳನ್ನು ಅವಳ ತಾಯಿಯ ತಮ್ಮನಿಗೇ ಕೊಟ್ಟಿದ್ದರು. ನಮ್ಮಲ್ಲಿ ಇದು ನಡೆದುಬಂದ ಪದ್ಧತಿ, ಯಾರೂ ಹುಬ್ಬೇರಿಸುವುದಿಲ್ಲ. ಹೀಗಾಗಿ ಅವಳ ಅತ್ತೆ ಗುರುಬಸವ್ವ ಅವಳ ಸ್ವಂತ ಅಜ್ಜಿ, ಅಂದರೆ ತಾಯಿಯ ತಾಯಿ. ಮದುವೆಯ ಹಿಂದಿನ ದಿನದವರೆಗೆ 'ಆಯಿ' ಅನ್ನುತ್ತಿದ್ದವಳು ಮರುದಿನದಿಂದ 'ಅತ್ತಿ' ಅನ್ನಬೇಕಾಯಿತು. ಆಯಿಯಾಗಿದ್ದಾಗ ಬೆಲ್ಲ ಕೊಟ್ಟವಳು ಅತ್ತೆಯಾದ ಮೇಲೆ ಬೆಲ್ಲದ ಡಬ್ಬಿ ಮೇಲಿನ ಮಾಡಕ್ಕೆ ಏರಿಸಿದಳೆಂದು ಮಹಾದೇವಿ ಹೇಳಿ ನಗುತ್ತಿದ್ದಳು. ಪೇಟೆಯಲ್ಲಿ ಅವರದು ಹಳೆಯ ಕಿರಾಣಿ ಅಂಗಡಿ. ಗುರುಬಸವ್ವನ ಹೆಸರು ಊರಿಗೆಲ್ಲ ಗೊತ್ತು, ಎರಡು ಕಾರಣಕ್ಕೆ. ಒಂದು, ಅವರ ಮಾತಿಗೆ ಅವರ ಯಜಮಾನರೂ ಎದುರಾಡುವುದಿಲ್ಲ. ಎರಡು, ಒಡಪು ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಯಾರ ಮನೆಯ ಕುಬಸವಾದರೂ ಅವರು ಬರುವ ತನಕ ಒಡಪು ಶುರುವಾಗುತ್ತಿರಲಿಲ್ಲ.

ಫೋನು ಬಂದ ಆ ದಿನ ಸಮೆಗಳನ್ನು ಹಾಗೆಯೇ ಬಿಟ್ಟು ಕೈ ತೊಳೆದು ಅವರ ಮನೆಗೆ ಹೋದೆ. ಗುರುಬಸವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು.

"ಬರ್ರಿ ಅಕ್ಕಾರ, ಕುಂದರ್ರಿ. ಏನ ಇಷ್ಟ ದೂರ ಬಂದ್ರಿ?"

ವಿಷಯ ಹೇಳಿದೆ. ಅವರು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ನನ್ನ ಸೊಸಿ ಪರದೇಶದ ಮಂದಿ ಮುಂದ ನಿಂತು ವಟವಟ ಅನ್ನಬೇಕಂತೀರಿ."

"ವಟವಟ ಅಲ್ರಿ, ಇಂಗ್ಲಿಷ್."

"ನನಗ ಎರಡೂ ಒಂದ ಕೇಳ್ತಾವ."

ಅಡುಗೆಮನೆಯ ಬಾಗಿಲ ಹಿಂದೆ ಬಳೆ ಸದ್ದಾಯಿತು. ಮಹಾದೇವಿ ಕೇಳುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಾಯಿತು.

"ಒಂದ ದಿವಸ ಮಾಡ್ಲಿ," ಎಂದರು ಗುರುಬಸವ್ವ. "ಊಟಾನೂ ನಮ್ಮನ್ಯಾಗ ಆಗ್ಲಿ. ನಾನೂ ಸಂಗಾಟ ಗುಡೀತನಕ ಬರ್ತೇನಿ. ನನಗ ಇಂಗ್ಲಿಷ್ ತಿಳಿಯಂಗಿಲ್ಲ ಖರೆ, ನಗಿ ತಿಳೀತೈತಿ. ಆ ಮಂದಿ ಇಕಿನ್ನ ನೋಡಿ ನಕ್ರಂದ್ರ ಅವತ್ತಿಗೆ ಮುಗೀತು. ಗುಡೀನೂ ಬ್ಯಾಡ, ನಿಮ್ಮ ಕ್ಲಾಸೂ ಬ್ಯಾಡ. ನಮ್ಮ ಮನಿ ಸೊಸೀನ್ನ ನೋಡಿ ಮಂದಿ ನಕ್ಕಿದ್ದು ಇಲ್ಲೀತನಕ ಇಲ್ಲ."

ಮರುದಿನ ತರಗತಿಗೆ ಮಹಾದೇವಿ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದಳು. ನಾನು ಕೇಳಿದೆ, "ನಿನಗಿದು ಅಷ್ಟು ಬೇಕೇನವ್ವ?"

"ಅಕ್ಕಾರ, ಆ ಗುಡಿಗೆ ನಾ ಸಣ್ಣಾಕಿದ್ದಾಗಿಂದ ಹೋಗೇನಿ. ಕೈ ಮುಗದೇನಿ, ಬೇಡಕೊಂಡೇನಿ. ಆ ಕಂಬ ನೋಡಿ ನನಗ ಏನ ಅನಸ್ತೈತಿ ಅಂತ ಒಬ್ರೂ ಕೇಳಿಲ್ರಿ. ಇವರು ಕೇಳಾಕಂತನ ಬರಾಕತ್ತಾರ."

ಆಗ ನನಗೂ ಇದು ಬರೀ ಪಾಠವಲ್ಲ ಎನ್ನಿಸಿತು. ಆ ದಿನದಿಂದ ಪೂಜೆಯಲ್ಲಿ ತಾರಕೇಶ್ವರನಿಗೆ ಒಂದೇ ಬೇಡಿಕೆ: ಜಪಾನಿನವರು ನಗದೇ ಇರಲಿ.

ಆದರೆ ತಯಾರಿಗೆ ಕುಳಿತರೆ ನಗೆಯ ಹೊರತು ಬೇರೇನೂ ಹುಟ್ಟುತ್ತಿರಲಿಲ್ಲ. ಪೇಟೆಯ ಪಾಠಕ್ಕೆ ಕಸ್ತೂರೆವ್ವ ಅಂಗಡಿಯವಳಾದಳು, ಮಹಾದೇವಿ ಗಿರಾಕಿ.

"ಡೂ ಯೂ ಹ್ಯಾವ್ ರೈಸ್?"

"ರೈಸ್ ಈಸ್ ಇನ್‌ಕ್ರೀಸ್ಡ್."

"ದೆನ್ ಗಿವ್ ಮಿ ರೈಸ್."

"ನೋ ನೋ. ಇನ್‌ಕ್ರೀಸ್ಡ್. ಗೋ ಟು ಅದರ್ ಶಾಪ್."

ಅಕ್ಕಿ ತೀರಿತು ಎಂದು ನಮ್ಮ ಮನೆಗಳಲ್ಲಿ ಯಾರು ಅನ್ನುತ್ತಾರೆ? 'ಅಕ್ಕಿ ಹೆಚ್ಚಾಗೇತಿ' ಅನ್ನುತ್ತೇವೆ. ಕುಂಕುಮ ತೀರಿದರೂ ಹೆಚ್ಚಾಗೇತಿ, ಬಳೆ ಒಡೆದರೂ ಹೆಚ್ಚಾಗೇತಿ. ದೀಪ ಆರಿಸುವಾಗ ದೊಡ್ಡದು ಮಾಡು ಅನ್ನುತ್ತೇವೆ. ಹೊರಟು ನಿಂತವರು 'ಬರ್ತೇನಿ' ಅನ್ನುತ್ತಾರೆ. ಇದನ್ನೆಲ್ಲ ಇಂಗ್ಲಿಷಿಗೆ ಇಳಿಸಿದರೆ ಮನೆಯಲ್ಲಿ ಅಕ್ಕಿ ತುಂಬಿ ತುಳುಕುತ್ತಿದೆ, ದೀಪ ಮುಗಿಲು ಮುಟ್ಟಿದೆ, ಹೋಗುವವರೆಲ್ಲ ಬರುತ್ತಿದ್ದಾರೆ.

"'ಫಿನಿಶ್ಡ್' ಅನ್ರೆವ್ವಾ," ಎಂದೆ.

"ದೀಪ ಹಚ್ಚೋ ಹೊತ್ತಾಗಾಕ ಬಂತು, ಅಂಥಾ ಮಾತು ನನ್ನ ಬಾಯಾಗ ಬರಂಗಿಲ್ರಿ," ಎಂದಳು ಕಸ್ತೂರೆವ್ವ.

ನನಗೂ ಹೇಳಿಸಲು ಮನಸ್ಸಾಗಲಿಲ್ಲ. ಸಾಬೂನು, ಸೀಮೆಎಣ್ಣೆಗೆ 'ಫಿನಿಶ್ಡ್'. ಅಕ್ಕಿ, ಕುಂಕುಮಕ್ಕೆ 'ಕಮ್ ಟುಮಾರೊ' ಎಂದು ರಾಜಿ ಮಾಡಿಕೊಂಡೆವು. ಬಳೆಯ ಮಾತು ಯಾರಿಗೂ ನೆನಪಾಗಲಿಲ್ಲ. ಈಗ ಈ ಪಾಠ ಮಾಡುವ ನೀವು ಬಳೆಯನ್ನು ಮರೆಯಬೇಡಿ.

ಗುಡಿಯ ಪಾಠಕ್ಕೆ ಗುಡಿಗೇ ಹೋದೆವು. ಪುಸ್ತಕದಲ್ಲಿ 'ಪುರಾತನ ವಾಸ್ತುಶಿಲ್ಪ' ಎಂದು ಇದ್ದ ಪಾಠದಲ್ಲಿ ಯಾವುದೋ ದೇಶದ ಕೋಟೆಯ ಚಿತ್ರ ಇತ್ತು. ಅದನ್ನು ಮಡಚಿಟ್ಟು, "ನಿಮಗ ಕಾಣೋದನ್ನ ಹೇಳ್ರಿ," ಎಂದೆ. ತಿರುಗಣಿಯಲ್ಲಿ ಕಡೆದ ಆ ನುಣುಪು ಕಂಬಗಳನ್ನು ನೋಡಿ ಒಬ್ಬಳು ಗಡಿಗೆಯ ಮೇಲೆ ಗಡಿಗೆ ಎಂದಳು, ಇನ್ನೊಬ್ಬಳು ಲಟ್ಟಣಿಗೆ ಎಂದಳು. ಮಹಾದೇವಿ ಕಂಬಕ್ಕೆ ಅಂಗೈ ಒತ್ತಿ, "ಸ್ಟೋನ್, ಬಟ್ ಲೈಕ್ ಬಟರ್," ಎಂದಳು. ನಾನು ಏನೂ ತಿದ್ದಲಿಲ್ಲ.

ಸಂತೆಯ ದಿನ ಬಂತು. ಬೆಳಿಗ್ಗೆ ಕರೆಂಟು ಹೋಗಲಿಲ್ಲ, ಗುರುಬಸವ್ವನ ಮನೆಯ ನಲ್ಲಿಗೆ ನೀರು ಬಂತು, ಎಮ್ಮೆ ಒದೆಯದೆ ಹಾಲು ಕೊಟ್ಟಿತು. ಇಷ್ಟು ಕೃಪೆ ಮಾಡಿದವನು ಇನ್ನೊಂದೀಟು ಮಾಡದೇ ಇರುತ್ತಾನೆಯೇ ಎಂದುಕೊಂಡೆ.

ಬಂದವರು ಹಿರಿಯ ಗಂಡಹೆಂಡತಿ, ಅವರ ಜೊತೆಗೆ ಇಬ್ಬರು ಗೆಳತಿಯರು; ವ್ಯಾನಿನಲ್ಲಿ ಕರೆತಂದ ಹುಬ್ಬಳ್ಳಿಯವನೂ ಪಾಟೀಲ ಸರೂ ಹಿಂದಿದ್ದರು. ಬಾಗಿಲಲ್ಲೇ ನಾಲ್ವರೂ ಸೊಂಟದ ತನಕ ಬಾಗಿದರು.

"ಶರಣು ಮಾಡಾಕತ್ತಾರ!" ಎಂದು ಗುರುಬಸವ್ವ ಎರಡೂ ಕೈ ಜೋಡಿಸಿದರು. "ಛಲೋ ಮಂದಿ ಐತಿ."

ಜಪಾನಿನವರ ಇಂಗ್ಲಿಷ್ ಕೇಳಿ ನನಗೆ ಧೈರ್ಯ ಬಂತು. ಅವರಿಗೂ ಅದು ನಮ್ಮಂತೆಯೇ ಹೊರಗಿನಿಂದ ತಂದುಕೊಂಡ ಭಾಷೆ, ಒಂದೊಂದು ಮಾತನ್ನೂ ಹುಡುಕಿ ಇಡುತ್ತಿದ್ದರು.

ಎಲೆಯ ಮುಂದೆ ಕುಳಿತಾಗ ಮಹಾದೇವಿ ಹೇಳಿದಳು, "ಶೀ ಈಸ್ ಮೈ ಮದರ್ ಇನ್ ಲಾ. ಆಲ್ಸೋ ಮೈ ಗ್ರ್ಯಾಂಡ್ ಮದರ್."

ಹಿರಿಯ ಗೃಹಸ್ಥರು ರೊಟ್ಟಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. "ಆಲ್ಸೋ?"

"ಯೆಸ್ ಸರ್. ಟೂ ಇನ್ ಒನ್."

ಅವರು ಬಾಯಿಗೆ ಅಂಗೈ ಅಡ್ಡ ಹಿಡಿದರು. ಭುಜ ಅಲುಗಿದವು. ಗುರುಬಸವ್ವ ನನ್ನ ಕಡೆ ತಿರುಗಿದರು. "ನಕ್ರೇನ್ರಿ?"

"ಚಟ್ನಿ ಖಾರ ಆತು ಕಾಣಸ್ತೈತ್ರಿ."

"ಖಾರ ಆಗಬೇಕ. ಮೆಣಸಿನಕಾಯಿ ನಾ ಆರಿಸೇನಿ," ಎಂದು ಅವರು ಸಮಾಧಾನದಿಂದ ಇನ್ನೊಂದು ಚಮಚ ಬಡಿಸಿದರು. ಆ ಪುಣ್ಯಾತ್ಮ ಅದನ್ನೂ ತಿಂದರು. ಆಗ ನಿಜವಾಗಿಯೇ ಕೆಮ್ಮಿದರು, ನನ್ನ ಮಾತು ಸುಳ್ಳಾಗದಂತೆ ದೇವರು ನೋಡಿಕೊಂಡ.

ಪೇಟೆಯಲ್ಲಿ ಸವಣೂರಿನ ಎಲೆ ಕೊಂಡರು, ಖಾರ ಕೊಂಡರು, ಮಹಾದೇವಿಯ ಮಾವನವರ ಅಂಗಡಿಯ ತಕ್ಕಡಿಯ ಚಿತ್ರ ತೆಗೆದುಕೊಂಡರು. ಆಮೇಲೆ ಹಿರಿಯ ಹೆಂಗಸು ಬಳೆಗಾರನ ಮುಂದೆ ಕುಳಿತು ಕೈ ಚಾಚಿದರು. ಹಸಿರು ಬಳೆಗಳು ಒಂದೊಂದಾಗಿ ಏರಿದವು. ಒಂದು ಚಟ್ ಎಂದಿತು.

"ಸಾರಿ ಮೇಡಂ," ಎಂದಳು ಮಹಾದೇವಿ ಗಾಬರಿಯಿಂದ. "ಒನ್ ಬ್ಯಾಂಗಲ್ ಇನ್‌ಕ್ರೀಸ್ಡ್."

ಆ ಹೆಂಗಸು ತನ್ನ ಕೈಯ ಬಳೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಗೆಳತಿಯರು ಬಂದು ಎಣಿಸಿದರು. ಪಾಟೀಲ ಸರ್ ಆಕಾಶ ನೋಡಿದರು. ನಾನು ಒಳಗೊಳಗೇ ಪಂಚಾಕ್ಷರಿ ಜಪಿಸತೊಡಗಿದೆ.

ಮಹಾದೇವಿ ಒಡೆದ ಚೂರುಗಳನ್ನು ಅಂಗೈಯಲ್ಲಿ ಆರಿಸಿಕೊಂಡಳು. "ಮೇಡಂ, ಬ್ಯಾಂಗಲ್, ಲ್ಯಾಂಪ್, ರೈಸ್... ಇನ್ ಅವರ್ ಹೌಸ್ ವಿ ಡೋಂಟ್ ಸೇ ಬ್ರೋಕನ್, ಫಿನಿಶ್ಡ್. ಬ್ಯಾಡ್ ವರ್ಡ್. ವಿ ಸೇ ಇನ್‌ಕ್ರೀಸ್ಡ್."

ಆ ಹೆಂಗಸು ನಗಲಿಲ್ಲ. ತಟ್ಟನೆ ನೆಟ್ಟಗೆ ಕುಳಿತರು. ತಮ್ಮಲ್ಲಿಯೂ ಮದುವೆಯ ದಿನ 'ಕತ್ತರಿಸು' ಎಂಬ ಮಾತು ಆಡುವುದಿಲ್ಲ, 'ಮುಗಿಯಿತು' ಎನ್ನುವುದಿಲ್ಲ, ಔತಣ ಮುಗಿದು ಏಳುವಾಗ 'ತೆರೆಯಿತು' ಎನ್ನುತ್ತೇವೆ ಎಂದು ತಡವರಿಸಿ ತಡವರಿಸಿ ಹೇಳಿದರು. ನಾನು ಗುರುಬಸವ್ವನಿಗೆ ತಿಳಿಸಿದೆ.

"ಮತ್ತ! ಎಲ್ಲಾ ಕಡೆ ಶಾಣ್ಯಾ ಮಂದಿ ಇರ್ತೈತಿ," ಎಂದು ಅವರು ಇನ್ನೊಂದು ಬಳೆ ತಾವೇ ಆರಿಸಿ ಕೊಟ್ಟರು.

ಗುಡಿಯಲ್ಲಿ ಪ್ರದಕ್ಷಿಣೆಯಿಂದ ಶುರು ಮಾಡೋಣವೆಂದು ಮಹಾದೇವಿ, "ಪ್ಲೀಸ್ ರೊಟೇಟ್," ಎಂದಳು. ಗುಡಿಯನ್ನು ಸುತ್ತಿರಿ ಎಂದು ಅವಳ ಮನಸ್ಸಿನಲ್ಲಿ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿ, ನಿಂತಲ್ಲೇ ಬುಗುರಿಯಂತೆ ಒಂದು ಸುತ್ತು ತಿರುಗಿದರು. ಹುಬ್ಬಳ್ಳಿಯಿಂದ ಬಂದ ಡ್ರೈವರನೂ ತಿರುಗಿದ.

"ನೋಡ್ರಿ ಅಕ್ಕಾರ, ಆತ್ಮಪ್ರದಕ್ಷಿಣಿ ಹಾಕಾಕತ್ತಾರ," ಎಂದರು ಗುರುಬಸವ್ವ, ಕಣ್ಣು ತೇವವಾಗಿತ್ತು. "ನಮ್ಮೂರ ಮಂದಿಗೆ ಇಷ್ಟು ಭಕ್ತಿ ಐತೇನ?"

ಒಳಗೆ ಎಲ್ಲರೂ ತಲೆಯೆತ್ತಿದರು. ಎಂಟು ಮೂಲೆಯ ಚಾವಣಿ, ಅದರಿಂದ ಕೆಳಮುಖವಾಗಿ ಇಳಿದ ಕಲ್ಲಿನ ದೊಡ್ಡ ಕಮಲ. ಮಹಾದೇವಿ ಗಟ್ಟಿಯಾಗಿ, ಹೆದರದೆ ಹೇಳುತ್ತಿದ್ದಳು: ಎಷ್ಟೋ ನೂರು ವರ್ಷದ ಹಿಂದಿನ ಕೈಗಳು ಇದನ್ನು ಕಡೆದವು, ಯಾರದೆಂದು ನನಗೆ ಗೊತ್ತಿಲ್ಲ; ಸಣ್ಣವಳಿದ್ದಾಗ ಈ ಹೂವು ನನ್ನ ಮೇಲೆ ಬೀಳುತ್ತದೆಂದು ಅಳುತ್ತಿದ್ದೆ; ಈಗ ಅದು ಮುಗಿಲಿನ ಬೇರು ಎನ್ನಿಸುತ್ತದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ವ್ಯಾಕರಣ ಕುಂಟಿತು, ಮಾತು ಕುಂಟಲಿಲ್ಲ. ಯಾರೂ ನಗಲಿಲ್ಲ. ಇನ್ನೇನು ಗೆದ್ದೆವು ಎಂದುಕೊಂಡೆ.

ಆಗ ಹಿರಿಯ ಹೆಂಗಸು ಕೇಳಿದರು, "ಯುವರ್ ಹಸ್ಬೆಂಡ್? ಹಿಸ್ ನೇಮ್?"

ಮಹಾದೇವಿಯ ಪಕ್ಕದಲ್ಲೇ ಅತ್ತೆ. ಎದುರಿಗೆ ಅತಿಥಿಗಳು ಕಾಯುತ್ತಿದ್ದಾರೆ. ಪಾಟೀಲ ಸರ್ ಕಂಬದ ಮರೆಯಿಂದ, "ಹೇಳವ್ವಾ, ಮೈ ಹಸ್ಬೆಂಡ್ಸ್ ನೇಮ್ ಈಸ್..." ಎಂದು ಪಿಸುಗುಟ್ಟಿದರು. ಹೇಳಿದರೆ ಅತ್ತೆಗೆ ಅಗೌರವ, ಹೇಳದಿದ್ದರೆ ಇಂಗ್ಲಿಷ್ ಬರುವುದಿಲ್ಲ ಎಂದಾಗುತ್ತದೆ. ಅವಳು ಮೇಲೆ ಕಮಲ ನೋಡಿದಳು, ಕೆಳಗೆ ನೆಲ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಸ್ಟೋನ್ ಲೋಟಸ್ ಅಪ್, ಸ್ಟೋನ್ ಫ್ಲೋರ್ ಡೌನ್,
ಮಲ್ಲಿಕಾರ್ಜುನ ಆರ್ ಬೆಸ್ಟ್ ಮ್ಯಾನ್ ಇನ್ ಟೌನ್!"

ಆ ನಾಲ್ವರೂ ನಕ್ಕರು. ಬಾಯಿಗೆ ಕೈ ಅಡ್ಡ ಇಡುವುದನ್ನು ಮರೆತು, ಚಪ್ಪಾಳೆ ತಟ್ಟಿ, ಕಲ್ಲಿನ ಚಾವಣಿ ಮರುನುಡಿಯುವಂತೆ ನಕ್ಕರು.

ಇದನ್ನು ಚಟ್ನಿಯ ಮೇಲೆ ಹಾಕಲು ಬರುತ್ತಿರಲಿಲ್ಲ.

ಮಹಾದೇವಿ ಅತ್ತೆಯತ್ತ ತಿರುಗಿದಳು. "ಆಯಿ..." ಎಂದಳು. ಮದುವೆಯಾದ ಮೇಲೆ ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಗುರುಬಸವ್ವ ನನ್ನ ರಟ್ಟೆ ಹಿಡಿದರು. "ನನ್ನ ಮಗನ ಹೆಸರು ಕೇಳಸ್ತು. ನಕ್ಕಿದ್ದೂ ಕೇಳಸ್ತು. ಏನಂದ್ಲು ಇಕಿ?"

"ಒಡಪು ಹೇಳಿದ್ಲ್ರಿ."

"ಒಡಪಾ? ಇಂಗ್ಲಿಷಿನ್ಯಾಗ?"

"ಹೂನ್ರಿ. ಮ್ಯಾಲ ಕಲ್ಲಿನ ಕಮಲ, ಕೆಳಗ ಕಲ್ಲಿನ ನೆಲ, ಮಲ್ಲಿಕಾರ್ಜುನ ಅವರು ಊರಾಗೆಲ್ಲ ಛಲೋ ಗಂಡಸ್ರು ಅಂತ್ರಿ."

ಗುರುಬಸವ್ವ 'ಅಪ್ ಡೌನ್, ಅಪ್ ಡೌನ್' ಎಂದು ತುಟಿಯಲ್ಲೇ ಅಂದು ನೋಡಿದರು. "ಅದು ಸುಳ್ಳು. ನನ್ನ ಮಗನ್ನ ನಾ ಹಡದೇನಿ, ನನಗ ಗೊತ್ತೈತಿ. ಆದ್ರ ಪ್ರಾಸ ಕುಂತೈತಿ." ನಂತರ ನನ್ನ ರಟ್ಟೆ ಬಿಟ್ಟರು. "ಮತ್ತ ಇದಕ್ಕ ಎದುರೊಡಪು ಯಾರು ಹೇಳಬೇಕು? ಇಕಿ ಹೇಳಿ ನಿಲ್ಲೋದು, ನಾವು ಸುಮ್ಮನ ನೋಡೋದು ಏನ?"

ಕುಬಸದ ಮನೆಯಲ್ಲಿ ನಿಲ್ಲುವಂತೆ, ಒಂದು ಕೈ ಸೊಂಟದ ಮೇಲಿಟ್ಟು ಅತಿಥಿಗಳ ನಡುವೆ ಬಂದು ನಿಂತರು.

"ಸವಣೂರ ಎಲಿಗೆ ಸುಣ್ಣ ಸವರಿ ಅಡಕಿ ಇಟ್ಟೇನಿ ಮ್ಯಾಲ,
ಬಾಯಿ ತುಂಬಿದ ಈರಪ್ಪನವರು ಸುಮ್ಮನಿರ್ತಾರ ಒಂದೀಟು ಕಾಲ!"

ಜಪಾನಿನವರು ಕಣ್ಣರಳಿಸಿ ಮಹಾದೇವಿಯ ಕಡೆ ತಿರುಗಿದರು. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಗುರುಬಸವ್ವ ಗದರಿದರು, "ಏನ ನೋಡಾಕತ್ತಿ? ಹೇಳ ಅವರಿಗೆ. ಅಡಕಿ ಬಿಡಬ್ಯಾಡ."

ಮಹಾದೇವಿ ಎಲೆಗೆ ಸುಣ್ಣ ಸವರುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತ ಹೇಳಿದಳು. ಅಡಿಕೆಯನ್ನೂ ಬಿಡಲಿಲ್ಲ. ಬಾಯಿ ತುಂಬಿದ ಮೇಲೆ ಮೈ ಫಾದರ್ ಇನ್ ಲಾ ಆರ್ ಕ್ವೈಟ್, ಲಿಟಲ್ ಟೈಮ್ ಎಂದಳು. ಹಿರಿಯ ಹೆಂಗಸು ಚೀಲದಿಂದ ಸವಣೂರಿನ ಒಂದು ಎಲೆ ತೆಗೆದು ಗಂಡನ ಬಾಯಿಗೆ ಇಡಲು ಹೋದರು. ನಗುತ್ತ ನಗುತ್ತ ಒಬ್ಬ ಗೆಳತಿ ಕಟ್ಟೆಯ ಮೇಲೆ ಕುಳಿತೇಬಿಟ್ಟಳು.

"ಈಗ ಅಕೀದು," ಎಂದು ಗುರುಬಸವ್ವ ಆ ಹಿರಿಯ ಹೆಂಗಸಿನತ್ತ ಬೆರಳು ತೋರಿಸಿದರು. "ಹೇಳದಿದ್ರ ಗುಡಿ ದಾಟಾಕ ಬಿಡಂಗಿಲ್ಲ."

ಮಹಾದೇವಿ ನಿಯಮ ತಿಳಿಸಿದಳು. ಆಕೆ ಹುಡುಗಿಯಂತೆ ನಾಚಿದರು, ಬಳೆಗಳನ್ನು ತಿರುವಿದರು, ತಮ್ಮ ಭಾಷೆಯಲ್ಲಿ ಏನೋ ನಾಲ್ಕು ಮಾತು ಹೇಳಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ಗಂಡನ ಕಿವಿ ಮಾತ್ರ ಪಾಟೀಲ ಸರ್ ಕಿವಿಯಂತೆ ಕೆಂಪಾಯಿತು.

"ಛಲೋ ಹೇಳಿದ್ಲು," ಎಂದು ಗುರುಬಸವ್ವ ತಲೆದೂಗಿದರು.

ವ್ಯಾನು ಹೊರಟಿತು. ಅತಿಥಿಗಳು ಕಿಟಕಿಯಿಂದ ಕೈ ಬೀಸಿ, ಮಹಾದೇವಿ ಕಲಿಸಿದಂತೆ, "ಬರ್ತೇನಿ! ಬರ್ತೇನಿ!" ಎಂದು ಕೂಗುತ್ತ ಹೋದರು. ಡ್ರೈವರನ ಪಕ್ಕ ಕುಳಿತಿದ್ದ ಹುಬ್ಬಳ್ಳಿಯವನು ಪಾಟೀಲ ಸರ್‌ಗೆ ಹೆಬ್ಬೆರಳು ಎತ್ತಿ ತೋರಿಸಿದ. ನಾವು ಗುಡಿಯ ಮುಂದೆ ಉಳಿದೆವು. ತೀರ್ಪು ಹೇಳುವವರು ಕಾಲಿಗೆ ಚಪ್ಪಲಿ ಏರಿಸುತ್ತಿದ್ದರು.

"ನಕ್ಕರಲ್ಲ ಅತ್ತಿ," ಎಂದಳು ಮಹಾದೇವಿ ಕೊನೆಗೆ ತಾನೇ.

"ನಕ್ರು. ನಿನಗ ನಕ್ರು, ನನಗ ಅದಕ್ಕಿಂತ ಹೆಚ್ಚು ನಕ್ರು." ಗುರುಬಸವ್ವ ಪಾಟೀಲ ಸರ್ ಕಡೆ ತಿರುಗಿದರು. "ಸಾಹೇಬ್ರ, ಮುಂದಿನ ಮಂದಿ ಯಾವಾಗ ಬರ್ತೈತಿ?"

"ಸೊಸೀನ್ನ ಕಳಸ್ತೀರೇನ್ರಿ ಅವ್ವಾರ?"

"ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ? ಇಕಿಗೆ ಬರೋದು ಒಂದ ಒಡಪು. ನನ್ನ ಹತ್ರ ಕಾಳಿನ ಹಗೇವು ತುಂಬಿದಂಗ ಅದಾವು. ನಾ ಹೇಳ್ತೇನಿ, ಇಕಿ ಇಂಗ್ಲಿಷ್ ಮಾಡ್ಲಿ. ನೀವು ಕಂಬದ ಹಿಂದ ನಿಂತು ಪಿಸಿಪಿಸಿ ಅನ್ನೋದು ಬಿಡ್ರಿ. ನನ್ನ ಸೊಸಿಗೆ ಎಲ್ಲಾ ಬರ್ತೈತಿ."

ಅತ್ತೆಸೊಸೆ ಪೇಟೆಯ ದಾರಿ ಹಿಡಿದರು. ಗುರುಬಸವ್ವ 'ಲೋಟಸ್'ಗೆ ಕನ್ನಡದಲ್ಲಿ ಪ್ರಾಸ ಕೂರುತ್ತದೆಯೇ ಎಂದು ಕೇಳುತ್ತಿದ್ದರು, ಮಹಾದೇವಿ ಕಣ್ಣು ಒರೆಸಿಕೊಳ್ಳುತ್ತ ಉತ್ತರ ಹೇಳುತ್ತಿದ್ದಳು. ಪಾಟೀಲ ಸರ್ ಕೈಯಲ್ಲಿ ಕೀಲಿ ತಿರುವುತ್ತ, "ಅಕ್ಕಾರ, ಕ್ಲಾಸಿನ್ಯಾಗ ಆ ಒಡಪು..." ಎಂದರು. ನಾನು, "ಹೂನ್ರಿ ಸರ್, ನಾಳಿಂದ," ಎಂದೆ.

ಒಳಗೆ ಹೋಗಿ ತಾರಕೇಶ್ವರನಿಗೆ ಕೈ ಮುಗಿದೆ. ನಗದೇ ಇರಲಿ ಎಂದು ಬೇಡಿಕೊಂಡಿದ್ದೆ, ನಗಿಸಿ ಕೊಟ್ಟ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮನೆಗೆ ಬಂದಾಗ ಬೆಳಿಗ್ಗೆ ನೆನೆಯಿಟ್ಟ ಮಡಕೆ ಕಾಳು ಉಬ್ಬಿ ಪಾತ್ರೆಯ ಅಂಚಿಗೆ ಬಂದಿತ್ತು, ನಿಜವಾಗಿಯೂ ಹೆಚ್ಚಾಗಿತ್ತು. ಸೋಸಿ, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಮೊಳಕೆ ಬರಲೆಂದು ಒಲೆಯ ಪಕ್ಕದ ಗೂಟಕ್ಕೆ ತೂಗುಹಾಕಿದೆ.